ಫಾರ್ಮ್ ಹಿಂದೆ ತೆಗೆಯದ ಮಾಳವ್ವ

ಮಾಳವ್ವನ ಬಗ್ಗೆ ಬರೆಯಲು ಕೂತರೆ ಮೊದಲು ಸಿಟ್ಟು ಬರುತ್ತದೆ. ಅವಳ ಮೇಲಲ್ಲ, ನಮ್ಮ ಮೇಲೆ.

ಸುರಪುರದ ಕಡೆಯ ಹೆಣ್ಣುಮಗಳು. ಮದುವೆಯಾದ ವರ್ಷವೇ ಗಂಡನ ಜೊತೆ ಈಗ ಸಂಭಾಜಿನಗರ ಎನ್ನುವ ಔರಂಗಾಬಾದಿಗೆ ಬಂದು, ದೌಲತಾಬಾದಿನ ರಸ್ತೆ ಕೆಲಸದಲ್ಲಿ ಜಲ್ಲಿ ಹೊತ್ತಳು. ಗಂಡ ಅಲ್ಲೇ ತೀರಿಕೊಂಡ. ಆಮೇಲೆ ನಮ್ಮ ಕೂಲಿಯವರ ಗುಂಪಿನೊಡನೆ ನಾಸಿಕ್ ಜಿಲ್ಲೆಯ ಸಿನ್ನರ್ ಕಡೆ ಬಂದಳು. ಕಾರ್ಖಾನೆಗಳ ಹಿಂದಿನ ಹಳ್ಳಿಯಲ್ಲಿ ತಗಡಿನ ಮನೆ ಕಟ್ಟಿ ಇಪ್ಪತ್ತೆರಡು ವರ್ಷವಾಯಿತು. ರೇಷನ್ ಕಾರ್ಡು, ಓಟರ್ ಕಾರ್ಡು ಎಲ್ಲ ಅಲ್ಲಿಯದೇ.

ದೆಹಲಿಗೆ, ಮುಂಬೈಗೆ ಹೋಗುವವರಿಗೆ ನಾವು ಓಟು ಹಾಕಿದ್ದೇವೆ. ಊರ ಪಂಚಾಯ್ತಿಗೆ ಒಂದು ಸಲವೂ ಇಲ್ಲ. ಯಾಕೆ? ಆ ಊರಲ್ಲಿ ಆಯ್ಕೆ ಯಾವಾಗಲೂ ಅವಿರೋಧ! ಗುಡಿಯ ಕಟ್ಟೆಯ ಮೇಲೆ ಹತ್ತು ಗಂಡಸರು ಕೂತು, ಗುಡಿಗೆ ಹೆಚ್ಚು ಕೊಡುವವರಿಗೆ ಸೀಟು ಹಂಚುತ್ತಾರೆ. ಬೇರೆಯವರು ಚುನಾವಣೆಗೆ ನಿಲ್ಲಲು ಫಾರ್ಮ್ ಹಾಕಕೂಡದು. ಇದಕ್ಕೆ ಒಗ್ಗಟ್ಟು ಅಂತ ಹೆಸರು. ಥೂ! ಇನ್ನು ಐವತ್ತು ವರ್ಷ ಈ ದೇಶದಲ್ಲಿ ಚುನಾವಣೆ ಉಳಿಯುತ್ತದೆಯೇ ಎಂದು ಟಿವಿಯವರು ಕಿರುಚುತ್ತಾರೆ. ನಮ್ಮೂರಿಗೆ ಬರಲಿ. ಚಹಾ ಕುಡಿಯುತ್ತಲೇ ಅದರ ಕುತ್ತಿಗೆ ಒತ್ತಿ ಮುಗಿಸಿದ್ದಾರೆ.

ನಮ್ಮ ಓಣಿಗೆ ಚರಂಡಿ ಇಲ್ಲ. ಕೇಳಲು ಹೋದರೆ ನಮ್ಮ ವಾರ್ಡಿನ ಸದಸ್ಯ ಭಾಊಸಾಹೇಬ ಪಡಸಾಲೆ ಬಿಟ್ಟು ಎದ್ದು ಬರುವುದಿಲ್ಲ. ಈ ಸಲ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಕಟ್ಟೆಯವರು ಅವನ ಹೆಂಡತಿ ಪ್ರೇಮಾಬಾಯಿಯ ಹೆಸರು ಗೊತ್ತು ಮಾಡಿದರು. ಮಾಳವ್ವ ನನ್ನೊಬ್ಬನನ್ನು ಕರೆದುಕೊಂಡು ಹೋಗಿ ಎದುರು ಫಾರ್ಮ್ ಹಾಕಿದಳು.

ಊರು ಹೊತ್ತಿ ಉರಿಯಿತು. ಕಿರಾಣಿ ಅಂಗಡಿಯವನು ಅವಳಿಗೆ ಎಣ್ಣೆ ಕೊಡಲಿಲ್ಲ. ಫಾರ್ಮ್ ಹಿಂದೆ ಪಡೆಯುವ ಕೊನೆಯ ದಿನ, ನಮಗೆ ಕೆಲಸ ಕೊಡಿಸುವ, ನಮ್ಮವನೇ ಆದ ಮುಕಾದಮ ನಿಂಗಣ್ಣ ಬಾಗಿಲಿಗೆ ಬಂದ.

"ದುಡಿಯಾಕ ಬಂದೀವಿ ಯವ್ವಾ, ಆಳಾಕ ಬಂದಿಲ್ಲ. ಮೂರು ಗಂಟೆದೊಳಗ ಫಾರ್ಮ್ ತಗಿ. ಇಲ್ಲಂದ್ರ ನಾಳಿಂದ ನಿನಗೂ ಕೆಲಸಿಲ್ಲ, ಈ ಸೋಮಲಿಂಗಗೂ ಇಲ್ಲ."

ಆ ಸೋಮಲಿಂಗ ನಾನೇ. ನಾನೇನು ಮಾಡಿದೆ? ನಾನೂ ಹೇಳಿದೆ: "ತಗದಬಿಡು ಅಕ್ಕಾ."

"ಸೈಟಿನ್ಯಾಗ ಇಂಜಿನಿಯರನ ಮ್ಯಾಲೆ ಹಾರಿ ಬೀಳ್ತಿ, ಇಲ್ಲಿ ಬಾಲ ಮುದುಡತಿ?" ಎಂದಳು. "ಸೋಲ್ತೀನಿ ಅಂತ ನನಗೂ ಗೊತ್ತೈತಿ. ಆದ್ರ ಅವರು ಒಮ್ಮೆರ ನಮ್ಮ ಓಣಿಗೆ ಬಂದು ಕೈ ಮುಗದು ಓಟು ಕೇಳಬೇಕು. ಕೇಳಿದವರನ್ನ ನಾಳೆ ತರುಬಿ ಕೇಳಾಕ ಬರ್ತೈತಿ."

ಫಾರ್ಮ್ ತೆಗೆಯಲು ತಹಶೀಲ್ ಕಚೇರಿಗೆ ಹೋಗಲೇ ಇಲ್ಲ. ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡಿದಳು. ನಿಂಗಣ್ಣ ಎದುರಿಗೆ ನಿಂತು ಮೊಬೈಲ್ ನೋಡಿಕೊಂಡು, ಮೂರಾದ ಮೇಲೆ ಉಗುಳಿ ಹೋದ.

ಓಟು ನಡೆಯಲೇಬೇಕಾಯಿತು. ಪ್ರೇಮಾಬಾಯಿ ಸೀರೆ ಎತ್ತಿ ಹಿಡಿದು ನಮ್ಮ ಕೊಚ್ಚೆ ದಾಟಿ ಮನೆಮನೆಗೆ ಬಂದಳು. ಮಾಳವ್ವನಿಗೂ ಕೈ ಮುಗಿದಳು. ಗೆದ್ದದ್ದು ಅವಳೇ; ಮಾಳವ್ವನಿಗೆ ಬಿದ್ದದ್ದು ಮೂವತ್ತೇಳು ಓಟು. ಓಣಿಯಲ್ಲಿ ನೂರಾ ಹತ್ತು ಓಟಿವೆ! ಉಳಿದ ನಾಚಿಕೆಗೇಡಿಗಳ ಹೆಸರು ಬರೆಯುವುದಿಲ್ಲ. ಕೆಲಸ ಹೋದದ್ದಂತೂ ಹೋಯಿತು. ಇಬ್ಬರೂ ಈಗ ದಿನಾ ನಾಕಾದಲ್ಲಿ, ಕೂಲಿಯಾಳುಗಳು ಸೇರುವ ಚೌಕದಲ್ಲಿ, ನಿಂತು ಕೂಲಿ ಹುಡುಕುತ್ತೇವೆ.

ಮೊದಲ ಗ್ರಾಮಸಭೆಯಲ್ಲಿ ಮಾಳವ್ವ ಎದ್ದು ಚರಂಡಿಯ ಮಾತು ಎತ್ತಿದಳು. ಉತ್ತರ ಕೊಡಲು ಭಾಊಸಾಹೇಬ ಎದ್ದ.

"ನೀವು ಕೂಡ್ರಿ ಭಾಊ," ಅವಳು ಮರಾಠಿಯಲ್ಲೇ ಅಂದಳು. "ಓಟು ಕೇಳಿದವರು ನಿಮ್ಮ ಹೆಂಡತಿ, ವಹಿನಿ. ಅವರು ಹೇಳಲಿ."

ಸಭೆಯಲ್ಲಿ ಗದ್ದಲವೆದ್ದಿತು. ಪ್ರೇಮಾಬಾಯಿ ಕೆಂಪಾಗಿ ಎದ್ದು ನಿಂತಳು. "ಬರೀ ಬಾಯಿ ಮಾಡಬೇಡ," ಎಂದು ಮಾಳವ್ವನನ್ನೇ ಗದರಿದಳು. "ನಾಳೆ ಬೆಳಿಗ್ಗೆ ಪಂಚಾಯ್ತಿಯ ಗ್ರಾಮಸೇವಕನನ್ನು ಕರೆದುಕೊಂಡು ಬರುತ್ತೇನೆ. ಚರಂಡಿ ಎಲ್ಲಿಂದ ಎಲ್ಲಿಗೆ ಬೇಕು, ನಿಂತು ತೋರಿಸು."

ಗಂಡ ಅವಳ ತೋಳು ಜಗ್ಗಿದ. ಅವಳು ಕೂರಲಿಲ್ಲ.