ಮಾವ ಒಲೆ ಹಚ್ಚುವ ಮುನ್ನ

ಕೆಲಸಕ್ಕೆ ಹೊರಡುವ ಮುನ್ನ ಮೆಣಸಿನಪುಡಿ ಡಬ್ಬಿಯನ್ನು ಬಟ್ಟೆ ಕಪಾಟಿನಲ್ಲಿ ಬಚ್ಚಿಡದೆ ಈ ಸೊಸೆ ಹೊಸ್ತಿಲು ದಾಟಿದ ದಿನವಿಲ್ಲ. ಮಾವ ಅದನ್ನು ಹುಡುಕಿ ತೆಗೆಯದ ದಿನವೂ ಇಲ್ಲ. ಅವರು ಅಗ್ನಿಶಾಮಕ ದಳದಲ್ಲಿದ್ದವರು. ದೇವರು ಅವರಿಗೆ ಧೈರ್ಯ ಕೊಟ್ಟ, ಕೈಯಳತೆ ಕೊಡಲು ಮರೆತ.

"ಅಪ್ಪ ಆಯುಸ್ಸೆಲ್ಲ ಆರಿಸಿದ ಬೆಂಕೀನ ಈಗ ನಮ್ಮ ನಾಲಿಗೆಗೆ ಹಚ್ತಿದಾರೆ," ಎಂದು ಅವಳ ಗಂಡ ನೀರು ಕುಡಿಯುತ್ತಾ ಗೊಣಗುತ್ತಿದ್ದ. ಅವನಿಗೆ ಮನೆ ಕೆಳಗಿನ ತನ್ನ ಹೊಲಿಗೆ ಅಂಗಡಿ ಬಿಟ್ಟು ಬರಲಾಗದು. ಸೊಸೆ ಮನೆ ಸೇರುವುದು ತಡವಾದರೆ ಒಲೆ ಮಾವನ ವಶ.

ತಡವಂತೂ ದಿನವೂ ಆಗುತ್ತಿತ್ತು. ಅವಳ ಕಚೇರಿಯವರು ಹಲ್ಲಿನ ಡಾಕ್ಟರರ ಬಳಿ ಸಮಯ ಕಾದಿರಿಸುವ ಸಾಫ್ಟ್‌ವೇರ್ ಮಾಡುತ್ತಿದ್ದರು. ಅದರ ಪರದೆಯ ಮೇಲಿನ ಗುಂಡಿಗಳೆಲ್ಲ ಸರಿಯಿವೆಯೇ ಎಂದು ಕಂಪ್ಯೂಟರೇ ಒತ್ತಿ ಒತ್ತಿ ನೋಡುವ ಟೆಸ್ಟ್ ಬೆಳಿಗ್ಗೆ ಶುರುವಾದರೆ ಕತ್ತಲಾಗುವವರೆಗೆ ಓಡುತ್ತಿತ್ತು. ಮುಗಿಯುವ ತನಕ ಕಾವಲು ಇವಳದು. ನಡುವೆ ಟೆಸ್ಟ್ ಎಲ್ಲಿ ನಿಂತುಹೋದೀತೋ ಎಂದು ಆ ಕಂಪ್ಯೂಟರ್ ಪಕ್ಕ ಎಲ್ಲರೂ ಮಗು ಮಲಗಿದ ಕೋಣೆಯಲ್ಲಿದ್ದಂತೆ ತುದಿಗಾಲಲ್ಲಿ ನಡೆಯುತ್ತಿದ್ದರು. ಮ್ಯಾನೇಜರಂತೂ ಸೀನು ಬಂದರೆ ತಡೆದುಕೊಂಡು ಮೆಟ್ಟಿಲಿಗೆ ಓಡುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕುಳಿತು ಆ ಕಂಪ್ಯೂಟರನ್ನೇ ದಿಟ್ಟಿಸಿದಳು. ಅದು ಒಂದು ಗುಂಡಿ ಒತ್ತಿ ಸುಮ್ಮನೆ ಕೂರುತ್ತಿತ್ತು. ಮತ್ತೊಂದು ಒತ್ತಿ, ಮತ್ತೆ ಸುಮ್ಮನೆ.

"ಸಾರ್, ಇದ್ಯಾಕೆ ಹೀಗೆ ಕೂತ್ಕೊಳ್ಳತ್ತೆ?" ಎಂದು ಮ್ಯಾನೇಜರನ್ನು ಕೇಳಿದಳು.

"ಪುಟ ತೆರೆಯೋದು ನಿಧಾನ ಅಂತ ಹಿಂದೆ ಯಾರೋ 'ಒಂದು ನಿಮಿಷ ಕಾಯಿ' ಅಂತ ಬರೆದಿದ್ರು. ಆಮೇಲೆ ಬಂದವರು ಹೊಸ ಟೆಸ್ಟ್‌ಗೂ ಅದನ್ನೇ ನಕಲು ಹೊಡೆದ್ರು."

"ಈಗ ಕಣ್ಣು ಮಿಟುಕಿಸೋದ್ರೊಳಗೆ ತೆರೆಯತ್ತಲ್ಲ ಸಾರ್?"

"ಆದ್ರೂ ಕಾಯ್ಲಿ ಬಿಡಮ್ಮ. ಕಾದ್ರೆ ನಮ್ಮ ಗಂಟೇನು ಹೋಗತ್ತೆ?"

"ನಮ್ಮನೇಲಿ ಹೊಟ್ಟೆ ಹೋಗತ್ತೆ."

ಪುಟ ತೆರೆದ ಕೂಡಲೇ ಮುಂದಿನ ಗುಂಡಿ ಒತ್ತುವಂತೆ ಅವಳು ಎಲ್ಲ ಕಡೆ ತಿದ್ದಿದಳು. ಮರುದಿನ ಮ್ಯಾನೇಜರ ಚಹಾ ಆರುವಷ್ಟರಲ್ಲಿ ಟೆಸ್ಟ್ ಮುಗಿದುಹೋಯಿತು. ಅವರು ನಂಬದೆ, ಬೇಕೆಂದೇ ಒಂದು ಗುಂಡಿ ಕೆಡಿಸಿ ಮತ್ತೆ ಓಡಿಸಿದರು. ಟೆಸ್ಟ್ ಅದನ್ನೂ ಹಿಡಿದುಕೊಟ್ಟಿತು.

"ಅಯ್ಯೋ, ಇಷ್ಟು ವರ್ಷ ನಾನು ಸೀನು ತಡ್ಕೊಂಡಿದ್ದೆಲ್ಲ ದಂಡವಾ?"

ಅಂದು ಬಿಸಿಲಿರುವಾಗಲೇ ಮನೆಗೆ ಬಂದ ಸೊಸೆಯನ್ನು ಕಂಡು, ಒಲೆಯ ಮುಂದೆ ಅಂಗಿಯ ತೋಳು ಮಡಿಸಿ ನಿಂತಿದ್ದ ಮಾವ ಪೆಚ್ಚಾದರು.

"ಏನಮ್ಮ, ಕೆಲಸದಿಂದ ತೆಗೆದುಬಿಟ್ರಾ?"

"ಇಲ್ಲ ಮಾವ. ಇನ್ಮೇಲೆ ದಿನಾ ಹೀಗೇ ಬೇಗ ಬರ್ತೀನಿ. ಅಡುಗೆ ನಾನೇ ನೋಡ್ಕೋತೀನಿ, ನೀವು ಹಾಯಾಗಿರಿ."

ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಮೇಲೆ ಬಂದಿದ್ದ ಗಂಡ ಕಣ್ಮುಚ್ಚಿ ಕೈ ಮುಗಿದ. ಮಾವ ಕೈಯಲ್ಲಿದ್ದ ಸೌಟಿನ ಹಿಡಿಯಿಂದ ತಲೆ ಕೆರೆದುಕೊಂಡರು. ಮುಖ ಅರಳಿತು.

"ಪಾಪ, ಸಂಜೆ ಹೊರೆಯೆಲ್ಲ ನಿನ್ನ ಮೇಲೇ ಬಿತ್ತು. ಒಂದು ಕೆಲಸ ಮಾಡ್ತೀನಿ. ಮಧ್ಯಾಹ್ನದ ಊಟ ನಾನೇ ಮಾಡಿ ನಿನ್ನ ಆಫೀಸಿಗೆ ತಂದುಕೊಡ್ತೀನಿ. ಅಲ್ಲಿರೋ ಎಲ್ಲರಿಗೂ ಆಗೋಷ್ಟು!"

ಸೊಸೆ ಮೆಲ್ಲಗೆ ಅವರ ಕೈಯಿಂದ ಸೌಟು ತೆಗೆದುಕೊಂಡಳು.

"ಬೇಡ ಮಾವ. ಅವರೆಲ್ಲ ಇನ್ನೂ ಬಾಳಿ ಬದುಕಬೇಕಾದವರು."