ತಪ್ಪು ತಿದ್ದದೆ ಮುಂದೆ ಹೋಗದ ಲೆಕ್ಕ

ಸೇಡು ತೀರಿಸಿಕೊಂಡ ಮೇಲೆ ಮನಸ್ಸು ಕಹಿಯಾಯಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆ ದಿನ ದಾವಣಗೆರೆಯಿಂದ ಹರಿಹರದ ನಮ್ಮ ಮನೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಕಾಲು ಸಹ ನೋಯಲಿಲ್ಲ.

ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಕಂಪ್ಯೂಟರಿನಲ್ಲಿ ಗಣಿತ ಕಲಿಸುವ ಸಾಫ್ಟ್‌ವೇರ್ ಮಾಡಬೇಕೆಂಬ ಹುಚ್ಚು ಹಿಡಿಯಿತು. ಹುಚ್ಚು ಅವರದು, ಕೆಲಸ ನನ್ನದು. ಭಾನುವಾರ ಬಂತೆಂದರೆ ಲ್ಯಾಪ್‌ಟಾಪ್ ಹೊತ್ತು ದೇವರಾಜ ಅರಸು ಬಡಾವಣೆಯ ಅವರ ಮನೆಗೆ ಹೋಗುತ್ತಿದ್ದೆ. ನಾನು ಕೂತು ಬರೆಯುವಾಗ ಅವರು ಪೇಪರ್ ಓದುತ್ತ, "ಆ ಬಣ್ಣ ಇನ್ನೊಂಚೂರು ಗಾಢ ಇರ್ಲಿ ಮೇಡಂ" ಅನ್ನುವರು. ಅಷ್ಟೇ ಅವರ ಸಂಶೋಧನೆ.

ಗುತ್ತೂರು, ಮಲೆಬೆನ್ನೂರಿನಿಂದ ಬರುವ ನನ್ನ ಹುಡುಗ ಹುಡುಗಿಯರು ಎಲ್ಲೆಲ್ಲಿ ಎಡವುತ್ತಾರೆಂದು ನನಗೆ ಗೊತ್ತಿತ್ತು. ಅದನ್ನೇ ಪ್ರೋಗ್ರಾಮಿಗೆ ಹಾಕಿದೆ. ಯಾರಾದರೂ ತಪ್ಪು ಉತ್ತರ ಕೊಟ್ಟರೆ ಅದು ಬೈಯುತ್ತಿರಲಿಲ್ಲ. ಗ್ರಾಫ್ ಬರೆದು, ಎಲ್ಲಿ ನೋಡಬೇಕೆಂದು ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತಿತ್ತು. ಆದರೆ ತಪ್ಪು ತಿದ್ದುವವರೆಗೆ ಮುಂದಿನ ಲೆಕ್ಕ ಕೊಡುತ್ತಿರಲಿಲ್ಲ. ಮುಖ್ಯಸ್ಥರಿಗೆ ಇದು ಸರಿಬರಲಿಲ್ಲ. "ಮೇಷ್ಟ್ರಿಗೊಂದು ಬಟನ್ ಇಡ್ರಿ. ನಾವ್ಯಾಕ ಕಾಯ್ತಾ ಕೂಡ್ಬೇಕು?" ಅಂದರು. ಪರದೆಯ ಮೂಲೆಯಲ್ಲಿ ಇಟ್ಟೆ. ಅದನ್ನು ಒತ್ತಿದರೆ ಎಂಥ ಉತ್ತರವಾದರೂ ಪಾಸು.

ಹೊರಗಿನಿಂದ ಪರಿಶೀಲನಾ ಸಮಿತಿ ಬರುವ ಹಿಂದಿನ ವಾರ ಪ್ರೋಗ್ರಾಂ ತೆರೆದರೆ, ಮೊದಲ ಪರದೆಯಲ್ಲಿದ್ದ ನಮ್ಮಿಬ್ಬರ ಹೆಸರಿನಲ್ಲಿ ನನ್ನದು ಮಾಯವಾಗಿತ್ತು. ಮುಖ್ಯಸ್ಥರೇ ಕಂಪ್ಯೂಟರ್ ವಿಭಾಗದವರಿಗೆ ಹೇಳಿ ತೆಗೆಸಿದ್ದರು. ಕೇಳಿದರೆ ಅಂದರು:

"ಒಂದೇ ಹೆಸರಿದ್ರೆ ನೋಡಾಕೆ ಚಂದ ಮೇಡಂ. ನೀವೇನು ಹೊರಗಿನೋರಾ? ಹಾಂ, ಅವತ್ತು ನಾಷ್ಟಾದ ವ್ಯವಸ್ಥೆ ನೀವೇ ನೋಡ್ಕಳ್ರಿ."

ಮೈಯೆಲ್ಲ ಉರಿದುಹೋಯಿತು. "ಆಗ್ಲಿ ಸರ್" ಅಂದೆ. ಮನೆಗೆ ಬಂದು ಮಾಡಿದ್ದು ಎರಡೇ ಕೆಲಸ. ಮೇಷ್ಟ್ರ ಬಟನ್ ಒತ್ತಿದರೆ ಏನೂ ಆಗದಂತೆ ಮಾಡಿದೆ. ಆಮೇಲೆ ಒಂದು ಲೆಕ್ಕವನ್ನು ಎಲ್ಲಕ್ಕಿಂತ ಮುಂದಕ್ಕೆ ತಂದಿಟ್ಟೆ. ಎಕ್ಸ್ ವರ್ಗ ಸಮ ಐದು ಎಕ್ಸ್. ಇದಕ್ಕೆ ಎರಡು ಉತ್ತರ: ಒಂದು ಐದು, ಇನ್ನೊಂದು ಸೊನ್ನೆ. ಸಮ ಚಿಹ್ನೆಯ ಎರಡೂ ಕಡೆ ಒಂದೇ ಅಕ್ಷರ ಕಂಡರೆ ಹಿಂದೆಮುಂದೆ ನೋಡದೆ ಹೊಡೆದುಹಾಕುವುದು ಮುಖ್ಯಸ್ಥರ ಕೈಗೆ ಅಂಟಿದ ಚಾಳಿ. ಹಾಗೆ ಹೊಡೆದರೆ ಐದು ಉಳಿಯುತ್ತದೆ, ಸೊನ್ನೆ ಕಳೆದುಹೋಗುತ್ತದೆ.

ಆ ದಿನ ಸಮಿತಿಯವರು ಮುಂದಿನ ಸಾಲಿನಲ್ಲಿ, ವಿದ್ಯಾರ್ಥಿಗಳು ಹಿಂದೆ. ನಾನು ಬಾಗಿಲ ಹತ್ತಿರ, ಮಂಡಕ್ಕಿ ಮಿರ್ಚಿಯ ತಟ್ಟೆಗಳ ಪಕ್ಕ. ಮುಖ್ಯಸ್ಥರು ಲೆಕ್ಕವನ್ನೊಮ್ಮೆ ನೋಡಿಕೊಂಡು, ದೊಡ್ಡ ಪರದೆಗೆ ಬೆನ್ನು ಮಾಡಿ ಅತಿಥಿಗಳ ಮುಖವನ್ನೇ ನೋಡುತ್ತ ಶುರುಮಾಡಿದರು.

"ಎರಡೂ ಕಡೆ ಎಕ್ಸ್ ಹೊಡೆದ್ರೆ ಮುಗೀತು. ಐದು!"

ಐದು ಒತ್ತಿದರು. ಪರದೆಯ ಮೇಲೆ ಒಂದು ಬಾಗಿದ ಗೆರೆ, ಒಂದು ನೇರ ಗೆರೆ ಮೂಡಿದವು. ಎರಡೂ ಐದರಲ್ಲಿ ಕೂಡಿದ್ದವು, ಸೊನ್ನೆಯಲ್ಲೂ ಕೂಡಿದ್ದವು. ಸೊನ್ನೆಯ ಹತ್ತಿರ ಚುಕ್ಕಿ ಮಿಣಮಿಣ ಅನ್ನುತ್ತಿತ್ತು. ಕೆಳಗೆ ನಾನೇ ಬರೆದ ಸಾಲು: "ಅವಸರ ಬ್ಯಾಡ, ಇನ್ನೊಂದು ಕಡೆನೂ ಕೂಡ್ಯಾವೆ ನೋಡ್ರಿ." ಎಲ್ಲರೂ ಓದಿದರು, ಅವರೊಬ್ಬರನ್ನು ಬಿಟ್ಟು. ಅವರು ಮಾತಾಡುತ್ತಲೇ, ನೋಡದೆ ಮೌಸನ್ನು ಮೂಲೆಗೆ ಎಳೆದು ಬಟನ್ ಒತ್ತಿದರು. ಮತ್ತೆ ಒತ್ತಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕಾಗಲೇ ತಿರುಗಿ ನೋಡಿದ್ದು.

"ಸಾಫ್ಟ್‌ವೇರ್ ಸ್ವಲ್ಪ ಕೈ ಕೊಟ್ಟಂಗೈತೆ" ಎಂದರು.

ಸಮಿತಿಯ ಹಿರಿಯ ಹೆಂಗಸೊಬ್ಬರು ಮೆಲ್ಲಗೆ ಕೇಳಿದರು, "ಸೊನ್ನೆ ಹಾಕಿದರೂ ಸರಿಹೋಗುತ್ತಲ್ಲವೇ ಸರ್?"

ಮುಖ್ಯಸ್ಥರ ಮುಖ ಕೆಂಪಗಾಯಿತು. ಅಲ್ಲಿಂದಲೇ ನನ್ನ ಕಡೆ ನೋಡಿದರು. "ಮೇಡಂ, ಪ್ರೋಗ್ರಾಮಿನಾಗೆ ಏನೋ ತಪ್ಪೈತಲ್ಲ, ಇವರಿಗೆ ಹೇಳ್ರಿ."

ಹೂಂ ಅಂದರೆ ಅವರ ಮಾನ ಉಳಿಯುತ್ತಿತ್ತು, ನನ್ನ ಕೆಲಸ ಕೆಟ್ಟದ್ದಾಗುತ್ತಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ಇಲ್ಲ ಸರ್. ಪ್ರೋಗ್ರಾಂ ಸರಿ ಐತೆ. ನಿಮ್ಮ ಉತ್ತರ ಅರ್ಧ ಆಗೈತೆ."

ಆ ಹೆಂಗಸು ನನ್ನತ್ತ ತಿರುಗಿ ನೀವು ಯಾರು ಎಂದು ಕೇಳಿದರು. ಇದನ್ನು ಬರೆದವಳು ಎಂದೆ. ಮುಂದೆ ಬಂದು ಕೂರಲು ಹೇಳಿದರು. ಉಳಿದ ಲೆಕ್ಕಗಳನ್ನೆಲ್ಲ ನಾನೇ ತೋರಿಸಿದೆ. ಮಿರ್ಚಿ ಆರಿಹೋಯಿತು.

ಸಂಜೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. "ನಾಲ್ಕು ಮಂದಿ ಮುಂದೆ ಮರ್ಯಾದೆ ತೆಗೆದ್ರಿ" ಎಂದರು. ನಾನು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಮೊದಲ ಪರದೆಯಲ್ಲಿ ನನ್ನ ಹೆಸರನ್ನು ಟೈಪ್ ಮಾಡಿದೆ.

"ನಿಮ್ಮ ಹೆಸರು ಇರ್ಲಾ ಸರ್? ಸಮಿತಿಯವರು ಇನ್ನೊಂದ್ಸಲ ಬರ್ತಾರಂತೆ. ಹೆಸರಿದ್ದೋರೇ ಕೂತು ಲೆಕ್ಕ ಮಾಡಿ ತೋರಿಸ್ಬೇಕಾಗ್ತೈತೆ."

ಅವರು ಕಿಟಕಿ ಕಡೆ ಮುಖ ತಿರುಗಿಸಿದರು.

"ನನ್ನ ಹೆಸರು ತೆಗೀರಿ."

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ, "ಏನಂದ್ರಿ ಸರ್?" ಎಂದೆ. ಅವರು ಇನ್ನೊಮ್ಮೆ ಹೇಳಿದರು.