ಪಂಚನಾಮೆಯಲ್ಲಿ ಶರಣಪ್ಪ ಹೇಳಿದ ಸಾಕ್ಷಿ

ಔಡಲೆಣ್ಣೆಯ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ ಇವತ್ತಿಗೂ ನನ್ನ ತಲೆ ತಾನಾಗಿ ಬಗ್ಗುತ್ತದೆ. ಕಲಬುರಗಿ ಕಡೆಯ ಹಿರೋಳ್ಳಿಯಲ್ಲಿ ನಮ್ಮ ಮಣ್ಣಿನ ಮನೆಯ ಹೊಸ್ತಿಲಲ್ಲಿ ಅವ್ವ ದಿನಾ ಬೆಳಿಗ್ಗೆ ನನ್ನನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಬೆಚ್ಚಗಿನ ಎಣ್ಣೆ ಸುರುವಿ, ನನ್ನ ಸುರುಳಿ ಕೂದಲನ್ನು ಎರಡೂ ಅಂಗೈಯಿಂದ ನೆತ್ತಿಗೆ ಅಂಟಿಸುತ್ತಿದ್ದಳು. ಅದು ಅಂಟುತ್ತಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಒಂದೊಂದೇ ಸುರುಳಿ ಎದ್ದು ಕೂಡುತ್ತಿತ್ತು, ಎಣ್ಣೆ ಮಾತ್ರ ಕಿವಿಯ ಹಿಂದಿನಿಂದ ಇಳಿದು ಅಂಗಿಗೆ ಸೇರುತ್ತಿತ್ತು. ಮಗನ ಕೂದಲು ನಾಲ್ಕು ಮಂದಿಯ ಮಕ್ಕಳ ಹಾಗೆ ಕಾಣಲಿ ಎಂಬುದು ಅವಳ ಆಸೆ. ಆ ಹೊಸ್ತಿಲು ಈಗಿಲ್ಲ. ಆ ಜಾಗದಲ್ಲಿ ಲಾರಿ ತೂಗುವ ಕಾಟಾ ಕೂತಿದೆ. ನಿಮ್ಮ ಮನೆಯೂ ಹೀಗೆ ಯಾವುದಾದರೊಂದರ ಅಡಿಗೆ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ.

ನಾವು ಸಿದ್ದಿಗಳು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಕುಡಿಗಳು ನಾವು ಎಂದು ನನ್ನ ಮೊಮ್ಮಗಳು ಗೌರಿ ಪುಸ್ತಕ ನೋಡಿ ಹೇಳುತ್ತಾಳೆ. ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದುದು ಇಷ್ಟೇ: ಅಪ್ಪ ಯಲ್ಲಾಪುರದ ಕಾಡಿನಿಂದ ನಾಟಾ ತುಂಬಿದ ಲಾರಿ ಹತ್ತಿ ಬಂದವನು, ಗೌಡರ ತೊಗರಿ ಹೊಲದಲ್ಲಿ ದುಡಿಯುತ್ತ ಇಲ್ಲೇ ನಿಂತವನು. ಗೌಡರದು ಬಸವಣ್ಣನನ್ನು ನಂಬಿದ ಮನೆತನ. ಗೌಡಸಾನಿ ನಮ್ಮನ್ನೂ ತಮ್ಮ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ ಬಿಸಿ ರೊಟ್ಟಿ ಹಾಕುತ್ತಿದ್ದರು. ಅವರ ಮಗ ಶರಣಪ್ಪ ಮಾತ್ರ ಸಾಲಿಗೆ ಹೋಗುವ ದಾರಿಯಲ್ಲಿ ನನ್ನ ಬೆನ್ನು ಬಿಡುತ್ತಿರಲಿಲ್ಲ. ಒಣ ತೊಗರಿ ಕಡ್ಡಿ ಮುರಿದು ನನ್ನ ತಲೆಯಲ್ಲಿ ಚುಚ್ಚುವುದು, ಬಿದ್ದರೆ ಸೋತೆ, ನಿಂತರೆ ಗೆದ್ದೆ ಎಂದು ಗೆಳೆಯರೊಡನೆ ಪಂದ್ಯ ಕಟ್ಟುವುದು. ಆಫ್ರಿಕಾದ ಕರಿಯ ಎಂಬರ್ಥದಲ್ಲಿ 'ಹಬಸ್ಯಾ' ಎಂದು ಕೂಗುವುದು. ನನಗೊಂದು ಹೆಸರಿದೆ ಎಂಬುದು ಆ ಹುಡುಗರಿಗೆ ತಿಳಿದಿತ್ತೋ ಇಲ್ಲವೋ.

ಅಪ್ಪನೂ ಒಂದು ತಪ್ಪು ಮಾಡಿದ. ನನ್ನನ್ನು ಸಾಲಿಗೆ ಹಚ್ಚುವಾಗ ಮಾಸ್ತರರು ಜಾತಿ ಕೇಳಿದರೆ, "ಗೌಡರ ಮನ್ಯಾಗ ಇರ್ತೇವ್ರಿ" ಎಂದಷ್ಟೇ ಅಂದ. ಕಾಡಿನ ಕಡೆ ಸಿದ್ದಿ ಎಂದರೆ ಸಾಕಿತ್ತಂತೆ, ಬಿಟ್ಟಿ ದುಡಿಮೆಗೆ ಎಳೆದೊಯ್ಯುತ್ತಿದ್ದರಂತೆ. ಬಾಯಿ ಮುಚ್ಚಿಕೊಂಡರೆ ಮಕ್ಕಳು ಉಳಿಯುತ್ತಾರೆ ಎಂದು ಅವನು ಬಗೆದ. ಮಾಸ್ತರರು ತಮಗೆ ತೋಚಿದ ಒಂದು ಜಾತಿ ಬರೆದುಕೊಂಡರು. ನಾನು ನಾಲ್ಕನೇ ತರಗತಿಗೆ ಸಾಲಿ ಬಿಟ್ಟೆ, ಆ ಬರಹ ಮಾತ್ರ ದಾಖಲೆಯಲ್ಲಿ ಗಟ್ಟಿಯಾಗಿ ಕೂತಿತು.

ಅದು ಕಾಲಿಗೆ ತೊಡರಿದ್ದು ಗೌರಿಯ ಸರದಿಯಲ್ಲಿ. ಸರ್ಕಾರ ನಮ್ಮ ಸಿದ್ದಿ ಜನರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ, ಓದುವ ಮಕ್ಕಳಿಗೆ ಸೀಟು, ಹಾಸ್ಟೆಲು ಇಟ್ಟಿದೆ. ಗೌರಿಗೆ ನರ್ಸಿಂಗ್ ಓದುವ ಹಂಬಲ, ಅಂಕವೂ ಇತ್ತು. ಯಲ್ಲಾಪುರದಲ್ಲಿ ಅಪ್ಪನ ಅಣ್ಣತಮ್ಮಂದಿರ ವಂಶಾವಳಿ ಸಿಕ್ಕಿತು. ಆದರೆ ಅಜ್ಜನ ಸಾಲಿ ದಾಖಲೆ ಬೇರೆ ಜಾತಿ ಹೇಳುತ್ತದಲ್ಲ, ಊರಲ್ಲಿ ವಿಚಾರಣೆ ಮಾಡಿ ವರದಿ ಕೊಡಿ ಎಂದು ಅಲ್ಲಿಯ ಕಚೇರಿಯಿಂದ ಕಾಗದ ಬಂತು. ಸೀಟು ಹಿಡಿಯಲು ಉಳಿದಿದ್ದು ಒಂದೇ ವಾರ.

ಪಂಚಾಯ್ತಿ ಮುಂದಿನ ಬೇವಿನ ಮರದಡಿ ಪಂಚನಾಮೆ. ಕಂದಾಯ ಇಲಾಖೆಯ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತು, "ಇವರು ಸಿದ್ದಿಗಳು ಅಂತ ನಿಮಗ ಹ್ಯಾಂಗ್ ಗೊತ್ರಿ?" ಎಂದು ಕೇಳಿದರು. "ಛಲೋ ಮನಷ್ಯಾ ಅದಾನ್ರಿ" ಎಂದರು ಊರವರಲ್ಲೊಬ್ಬರು. "ಛಲೋ ಇರೂದು ಜಾತಿ ಅಲ್ರಿ" ಎಂದರು ಸಾಹೇಬರು. ಗೌರಿ ನನ್ನ ಅಂಗೈಯನ್ನು ನೋಯುವಷ್ಟು ಹಿಡಿದಿದ್ದಳು. ಆಗ ಕೋಲೂರಿ ಎದ್ದವನು ಶರಣಪ್ಪ.

"ನಾ ಹೇಳ್ತೇನಿ, ಬರಕೊಳ್ರಿ. ಇವನಪ್ಪ ಕಾಡಿನ ಸಿದ್ದಿ ಅಂತ ನಮ್ಮಪ್ಪನ ಮುಂದ ಹೇಳಿದ್ದ, ಯಾರಿಗೂ ಅನಬ್ಯಾಡ್ರಿ ಅಂತ ಕಾಲಿಗಿ ಬಿದ್ದಿದ್ದ. ಬಾಗಲ ಹಿಂದ ನಿಂತು ನಾ ಕೇಳೀನಿ. ಮರದಿನದಿಂದ ಇವನಿಗಿ ಹೆಸರ್ಲೆ ಕರೀಲಿಲ್ಲ, ಹಬಸ್ಯಾ ಅಂದೆ. ತೆಲ್ಯಾಗ ಕಡ್ಡಿ ಚುಚ್ಚಿದೆ. ನಾ ಚುಚ್ಚೀನಿ ಅಂತ, ನನ್ನ ಹೆಸರು ಹಾಕಿ ಬರೀರಿ."

ಸಾಹೇಬರ ಪೆನ್ನು ನಿಂತಿತು. "ಗೌಡ್ರ, ಇದನ್ನೂ ಬರೀಬೇಕೇನ್ರಿ?"

"ಅದನ್ನ ಮೊದಲ ಬರೀರಿ. ಉಳದದ್ದು ಆಮ್ಯಾಲ."

ಇಷ್ಟು ವರ್ಷ ನಾನೂ ಶರಣಪ್ಪನೂ ಬದುವಿಗೆ ಬದು ಹಚ್ಚಿ ಅಕ್ಕಪಕ್ಕದಲ್ಲೇ ಹೊಲ ಮಾಡಿದ್ದೇವೆ, ಆ ಮಾತು ಅವನೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾದೀತು. ನನಗೆ ಏನು ತೋಚಿತೋ, "ಲೇ ಶರಣ್ಯಾ, ಎಷ್ಟು ಕಡ್ಡಿ ನಿಂತಿದ್ವು ಅದೂ ಹೇಳಲೇ, ಪಂದ್ಯ ಗೆದ್ದೀದಿ" ಎಂದೆ. ಮರದಡಿ ಕೂತವರು ನಕ್ಕರು. ಅವನು ನಗಲಿಲ್ಲ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಪೂರ್ತಿ ಓದಿ, ಆಮೇಲೆ ಸಹಿ ಹಾಕಿದ. ಅವನ ಹಿಂದೆ ಒಬ್ಬೊಬ್ಬರೇ ಎದ್ದು ಹೆಬ್ಬೆಟ್ಟು ಒತ್ತಿದರು.

ಸರ್ಟಿಫಿಕೇಟು ಬಂದೇ ಬಿಟ್ಟಿತು, ವಾರ ಮುಗಿಯಲು ಒಂದು ದಿನ ಇರುವಾಗ. ನಾನು ಅದನ್ನು ಹಿಡಿದು ಓಣಿ ತುಂಬ ತಿರುಗಿದೆ. ಓದು ಬರುವವರು ಸಿಕ್ಕರೆ ಓದಿಸಿದೆ, ಬಾರದವರಿಗೆ ಬೆರಳಿಟ್ಟು ತೋರಿಸಿದೆ. ಮುದುಕನಿಗೆ ಹುಚ್ಚು ಹಿಡಿದಿದೆ ಎಂದುಕೊಂಡವರಿಗೂ ಪೇಢೆ ಕೊಟ್ಟೆ.

ಗೌರಿ ಈಗ ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಳೆ. ಹೋದ ದಿನವೇ ಫೋನು ಮಾಡಿದಳು. "ಮುತ್ಯಾ, ರೂಮಿನ್ಯಾಗ ನೀವು ಯಾರ ಪೈಕಿ ಅಂತ ಕೇಳಿದ್ರು."

ತಟ್ಟನೆ ಕೇಳಿದೆ, "ನೀ ಏನಂದಿ ಬೇ?"

"ಸಿದ್ದಿ ಅಂದೆ. ಹೌದಾ ಅಂದ್ರು, ಊಟಕ್ಕ ಕರಕೊಂಡು ಹೋದ್ರು. ಸಾರು ಸಪ್ಪಗ ಇತ್ತು ಮುತ್ಯಾ."

ಅಷ್ಟೇ. ಸಿದ್ದಿ ಅಂದಳು, ಸಾರಿನ ಮಾತಿಗೆ ಹೋದಳು. ಅದನ್ನು ಕೇಳಲು ಅಪ್ಪ ಇಲ್ಲ, ಅವ್ವ ಇಲ್ಲ. ಅವರಿಬ್ಬರ ಪಾಲಿನದನ್ನೂ ನಾನೊಬ್ಬನೇ ಕೇಳಿಸಿಕೊಂಡೆ.